ಬೆಳೆಯಲೊಲ್ಲದ ವೈರಸ್ ಮತ್ತು ರಾಲ್ಫ್ ಬಾರ್ಟೆನ್‌ಶ್ಲಾಗರ್

ನಮ್ಮ ಕಡೆ ಕಣ್ಣು ಹಳದಿಯಾದರೆ ಸಾಕು, ಎಲ್ಲಕ್ಕೂ ‘ಕಾಮಾಲೆ’ ಅಂತ ಒಂದೇ ಹೆಸರು. ನಿಜವಾಗಿ ಅದು ಲಕ್ಷಣ ಮಾತ್ರ. ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಸಾಮಾನ್ಯವಾಗಿ ತಾವಾಗಿಯೇ ವಾಸಿಯಾಗುತ್ತವೆ. ರಕ್ತದ ಮೂಲಕ ಹರಡುವ ಹೆಪಟೈಟಿಸ್ ಸಿ ಹಾಗಲ್ಲ. ಎಷ್ಟೋ ಜನರಲ್ಲಿ ಅದು ಕಣ್ಣನ್ನೂ ಹಳದಿ ಮಾಡದೆ, ಇಪ್ಪತ್ತು ಮೂವತ್ತು ವರ್ಷ ಯಕೃತ್ತಿನೊಳಗೆ ಕೂತು, ಕೊನೆಗೆ ಸಿರೋಸಿಸ್ ಅಥವಾ ಕ್ಯಾನ್ಸರ್ ಆಗಿ ಹೊರಬೀಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಇವತ್ತಿಗೂ ಸುಮಾರು 5 ಕೋಟಿ ಜನರಲ್ಲಿ ಇದು ಇದೆ.

ಈ ವೈರಸ್ಸನ್ನು ಪತ್ತೆ ಮಾಡಿದ್ದು 1989ರಲ್ಲಿ, ಮೈಕೆಲ್ ಹೌಟನ್ ಮತ್ತು ಸಂಗಡಿಗರು. ಜೀನುಗಳ ಅನುಕ್ರಮ ಸಿಕ್ಕಿತು, ರಕ್ತಪರೀಕ್ಷೆಯೂ ಬಂತು. ಇನ್ನೇನು ಔಷಧ ಬಂದೇಬಿಡುತ್ತೆ ಅಂತ ಅನ್ನಿಸೋದು ಸಹಜ. ಆದರೆ ಒಂದು ವಿಚಿತ್ರ ತೊಡಕು: ಇದು ಪ್ರಯೋಗಾಲಯದ ಜೀವಕೋಶಗಳಲ್ಲಿ ಬೆಳೆಯಲೇ ಇಲ್ಲ. ಟೆಸ್ಟ್ ಬೆಂಚ್ ಇಲ್ಲದೆ ಸರ್ಕ್ಯೂಟ್ ಪರೀಕ್ಷಿಸಿ ಅಂದ ಹಾಗಾಯ್ತು. ಔಷಧ ಹಾಕಿ ನೋಡೋದಾದರೂ ಯಾವುದರ ಮೇಲೆ? ಚಿಂಪಾಂಜಿ ಬಿಟ್ಟರೆ ಬೇರೆ ದಾರಿಯೇ ಇರಲಿಲ್ಲ.

ರಾಲ್ಫ್ ಬಾರ್ಟೆನ್‌ಶ್ಲಾಗರ್ ಜರ್ಮನಿಯ ಮಾನ್‌ಹೈಮ್‌ನವರು. ಹೈಡೆಲ್‌ಬರ್ಗ್‌ನಲ್ಲಿ ಹೆಪಟೈಟಿಸ್ ಬಿ ಮೇಲೆ ಪಿಎಚ್‌ಡಿ ಮಾಡಿ, ಬಾಸೆಲ್‌ನ ರೋಶ್ ಕಂಪನಿಯಲ್ಲಿದ್ದಾಗ ಹೆಪಟೈಟಿಸ್ ಸಿ ಕಡೆ ಹೊರಳಿದರು. ಆಮೇಲೆ ಮೈಂಜ್ ವಿಶ್ವವಿದ್ಯಾಲಯದಲ್ಲಿ ಸ್ವಂತ ತಂಡ ಕಟ್ಟಿ, ಈ ವೈರಸ್ಸನ್ನು ಬೆಳೆಸುವ ಹಟಕ್ಕೆ ಬಿದ್ದರು. ವರ್ಷಗಟ್ಟಲೆ ಸೋಲೇ.

ಅವರ ತಂಡ ಕೊನೆಗೆ ಹಿಡಿದ ಉಪಾಯವನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕಂದ್ರೆ ಇದು ಅಪ್ಪಟ ಎಂಜಿನಿಯರಿಂಗ್. ಈ ವೈರಸ್ಸಿನ ಆರ್‌ಎನ್‌ಎಯಲ್ಲಿ ಸುಮಾರು 9,600 ಅಕ್ಷರಗಳಿವೆ. ಅದನ್ನು ನಕಲು ಮಾಡುವ ಕಿಣ್ವಕ್ಕೆ ತಪ್ಪು ತಿದ್ದುವ ಗುಣ ಇಲ್ಲ. ಹಾಗಾಗಿ ರೋಗಿಯಿಂದ ತೆಗೆದ ಒಂದೊಂದು ಪ್ರತಿಯಲ್ಲೂ ಒಂದೊಂದು ದೋಷ ಇರಬಹುದು. ತಂಡ ಒಬ್ಬ ರೋಗಿಯಿಂದ ಹಲವು ಪ್ರತಿ ತೆಗೆದು, ಪ್ರತಿ ಸ್ಥಾನದಲ್ಲೂ ಹೆಚ್ಚು ಸಲ ಕಂಡ ಅಕ್ಷರವನ್ನೇ ಇಟ್ಟುಕೊಂಡಿತು. ನಾವು ಮೆಜಾರಿಟಿ ವೋಟಿಂಗ್ ಅಂತ ಓದ್ತೀವಲ್ಲ, ಅದೇ. ಆಮೇಲೆ ವೈರಸ್ಸಿನ ಹೊರಕವಚ ಕಟ್ಟುವ ಜೀನುಗಳನ್ನು ಕತ್ತರಿಸಿ, ಅಲ್ಲಿ ಜಿ418 ಎಂಬ ವಿಷವನ್ನು ತಡೆದುಕೊಳ್ಳುವ ಜೀನನ್ನು ಕೂರಿಸಿದರು. ಇದಕ್ಕೆ ರೆಪ್ಲಿಕಾನ್ ಅಂತ ಹೆಸರು. ಇದು ನಕಲಾಗುತ್ತದೆ, ಆದರೆ ಸೋಂಕು ಹರಡುವ ವೈರಸ್ ಆಗೋದಿಲ್ಲ. ಹು-7 ಎಂಬ ಯಕೃತ್ ಕ್ಯಾನ್ಸರ್ ಕೋಶಗಳಿಗೆ ಇದನ್ನು ಸೇರಿಸಿ, ಮೇಲೆ ವಿಷ ಸುರಿದರು. ಆರ್‌ಎನ್‌ಎ ನಕಲಾಗುತ್ತಿರುವ ಕೋಶ ಮಾತ್ರ ಬದುಕಬೇಕು.

ಹೆಚ್ಚುಕಮ್ಮಿ ಎಲ್ಲವೂ ಸತ್ತವು. ಅಲ್ಲೊಂದು ಇಲ್ಲೊಂದು ಕೋಶದ ಗುಂಪು ಮಾತ್ರ ಉಳಿಯಿತು. ಅವುಗಳೊಳಗೆ ವೈರಸ್ಸಿನ ಆರ್‌ಎನ್‌ಎ ಜೋರಾಗಿ ನಕಲಾಗುತ್ತಿತ್ತು! 1999ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಈ ಲೇಖನ ಬಂತು, ಮೊದಲ ಹೆಸರು ಫೋಲ್ಕರ್ ಲೋಮನ್ ಅವರದು. ಮರುವರ್ಷ ಅಮೆರಿಕದ ಚಾರ್ಲ್ಸ್ ರೈಸ್ ತಂಡ, ಬದುಕಿದ ಕೋಶಗಳಲ್ಲಿನ ಆರ್‌ಎನ್‌ಎಯಲ್ಲಿ ಪುಟ್ಟ ಬದಲಾವಣೆಗಳಾಗಿವೆ, ಅವನ್ನು ಮೊದಲೇ ಸೇರಿಸಿದರೆ ನಕಲು ಎಷ್ಟೋ ಪಟ್ಟು ಸಲೀಸು ಅಂತ ತೋರಿಸಿತು.

ಈಗ ಟೆಸ್ಟ್ ಬೆಂಚ್ ಸಿಕ್ಕಂತಾಯ್ತು. ಕಂಪನಿಗಳು ಸಾಲುಸಾಲು ರಾಸಾಯನಿಕಗಳನ್ನು ಇದರ ಮೇಲೆ ಪರೀಕ್ಷಿಸತೊಡಗಿದವು. ನಮಗೆ ತುಂಬ ಹಿಡಿಸಿದ್ದು ಡಕ್ಲಾಟಾಸ್ವಿರ್ ಕಥೆ. ಅದು ಹಿಡಿಯುವ ಎನ್‌ಎಸ್5ಎ ಪ್ರೋಟೀನು ಕಿಣ್ವವೇ ಅಲ್ಲ. ಅದರ ಕೆಲಸವನ್ನು ಟೆಸ್ಟ್ ಟ್ಯೂಬಿನಲ್ಲಿ ಅಳೆಯೋಕೆ ಆಗಲ್ಲ. ಇಡೀ ವ್ಯವಸ್ಥೆ ಓಡುತ್ತಿರುವಾಗಲೇ ಪರೀಕ್ಷಿಸಿದ್ದರಿಂದ ಸಿಕ್ಕ ಔಷಧ ಅದು. ಮೈಕೆಲ್ ಸೋಫಿಯಾ ತಂಡದ ಸೋಫೋಸ್ಬುವಿರ್‌ಗೆ 2013ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದಕ್ಕೆ ಮುಂಚೆ ಇಂಟರ್‌ಫೆರಾನ್ ಚುಚ್ಚುಮದ್ದು 48 ವಾರ. ಜ್ವರ, ಖಿನ್ನತೆ ಎಲ್ಲ ಅನುಭವಿಸಿದ ಮೇಲೂ ಗುಣವಾಗುತ್ತಿದ್ದವರು ಸುಮಾರು ಅರ್ಧ ಜನ. ಹೊಸ ಮಾತ್ರೆಗಳ ಜೋಡಿಯಿಂದ 12 ವಾರಗಳಲ್ಲಿ ನೂರಕ್ಕೆ 95 ಜನ ಗುಣವಾಗ್ತಾರೆ.

ಬೆಲೆ ಮಾತ್ರ ಕೇಳಬೇಡಿ: ಆಗ ಅಮೆರಿಕದಲ್ಲಿ ಒಂದು ಮಾತ್ರೆಗೆ 1,000 ಡಾಲರ್ ಇತ್ತು. 2014ರಲ್ಲಿ ಭಾರತದ ಏಳು ಕಂಪನಿಗಳಿಗೆ ಜೆನೆರಿಕ್ ತಯಾರಿಸುವ ಪರವಾನಗಿ ಸಿಕ್ಕಿತು. ನಮ್ಮ ಬೆಂಗಳೂರಿನ ಸ್ಟ್ರೈಡ್ಸ್ ಅದರಲ್ಲೊಂದು. 2018ರಿಂದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ, ಔಷಧ ಎರಡೂ ಉಚಿತ. ಇದು ಎಷ್ಟು ಜನಕ್ಕೆ ಗೊತ್ತಿದೆ ಅನ್ನೋದೇ ಪ್ರಶ್ನೆ.

2016ರ ಲಾಸ್ಕರ್ ಪ್ರಶಸ್ತಿಯನ್ನು ಬಾರ್ಟೆನ್‌ಶ್ಲಾಗರ್, ರೈಸ್, ಸೋಫಿಯಾ ಹಂಚಿಕೊಂಡರು. 2020ರ ನೊಬೆಲ್ ಮಾತ್ರ ಹಾರ್ವಿ ಆಲ್ಟರ್, ಹೌಟನ್, ರೈಸ್ ಅವರಿಗೆ ಹೋಯಿತು. ಆ ಸಲ ನೊಬೆಲ್ ಕೊಟ್ಟದ್ದು ವೈರಸ್ಸಿನ ಪತ್ತೆಗೆ, ಮೂವರಿಗಿಂತ ಹೆಚ್ಚು ಜನಕ್ಕೆ ಕೊಡುವಂತೆಯೂ ಇಲ್ಲ, ಸರಿ. ಆದರೂ ಬಾರ್ಟೆನ್‌ಶ್ಲಾಗರ್ ಹೆಸರು ಬಿಟ್ಟು ಈ ಔಷಧಗಳ ಕಥೆ ಹೇಳೋಕೆ ಆಗಲ್ಲ ಅನ್ನೋದು ನಮ್ಮ ಅಭಿಪ್ರಾಯ.

2002ರಲ್ಲಿ ಹೈಡೆಲ್‌ಬರ್ಗ್‌ಗೆ ಮರಳಿದ ಅವರು ಡೆಂಗಿ, ಕೊರೊನಾ ವೈರಸ್ಸುಗಳ ಮೇಲೂ ಕೆಲಸ ಮಾಡಿದ್ದಾರೆ. ಪಿಎಚ್‌ಡಿ ಕಾಲದ ಹೆಪಟೈಟಿಸ್ ಬಿಯನ್ನೂ ಬಿಟ್ಟಿಲ್ಲ. ಅಲ್ಲಿ ಪರಿಸ್ಥಿತಿ ತಿರುವುಮುರುವು: ಸಿಗೆ ಗುಣಪಡಿಸುವ ಔಷಧ ಇದೆ, ಲಸಿಕೆ ಇಲ್ಲ, ಬಿಗೆ ಲಸಿಕೆ ಇದೆ, ಆದರೆ ಅದರ ಡಿಎನ್‌ಎ ಕೋಶಕೇಂದ್ರದಲ್ಲಿ ಪುಟ್ಟ ಉಂಗುರದಂತೆ ಉಳಿದುಬಿಡುತ್ತೆ. ಈಗಿನ ಮಾತ್ರೆಗಳು ವೈರಸ್ಸನ್ನು ಅದುಮಿಡುತ್ತವೆ, ಆ ಉಂಗುರವನ್ನು ಅಳಿಸೋದಿಲ್ಲ.