ನಳಿಗೆ ಬದಲಿಸೋ ಮುಂಚೆ ಒಂದು ಲೆಕ್ಕ

ಸಿಂಧನೂರು ಕಡೆಯವರಿಗೆ ಬನದ ಹುಣ್ಣಿಮೆಯ ಅಂಬಾಮಠದ ಜಾತ್ರೆ ಗೊತ್ತೇ ಇರುತ್ತೆ. ಯಾವ ಜಾತ್ರೆಯಲ್ಲೇ ಆಗಲಿ, ಬಲೂನು ಹೊಡೆದು ಸೋತವರು ಹೇಳೋ ಮಾತು ಒಂದೇ: "ಬಂದೂಕಿನ ನಳಿಗೆನೇ ಸೊಟ್ಟ!" ನಿಜವೂ ಇರಬಹುದು. ಆದರೆ ಸೊಟ್ಟ ನಳಿಗೆ ಬೇರೆ, ಕೆಟ್ಟ ನಳಿಗೆ ಬೇರೆ. ಈ ವ್ಯತ್ಯಾಸ ತಿಳಿಯದೆ ಏರ್ ರೈಫಲ್‌ಗೆ ಹೊಸ ನಳಿಗೆ ಕೊಂಡರೆ, ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ತುಂಗಭದ್ರೆ ದಡದ ಮುಕ್ಕುಂದದಲ್ಲಿ ಒಬ್ಬ ವಿದ್ಯಾರ್ಥಿನಿ, ಮನೆ ಹಿತ್ತಲಲ್ಲಿ 10 ಮೀಟರ್ ಅಳೆದು, ಹಿಂದೆ ಗಟ್ಟಿ ಮಣ್ಣಿನ ತಡೆ ಕಟ್ಟಿ ಅಭ್ಯಾಸ ಮಾಡ್ತಾಳೆ. ಕೈಲಿರೋದು ಹಳೆಯ ಸ್ಪ್ರಿಂಗ್ ರೈಫಲ್, ಬೋರ್ 4.5 ಮಿ.ಮೀ. ಇತ್ತೀಚೆಗೆ ಗುಂಡುಗಳು ಚದುರುತ್ತಿವೆ. ಹೊಸ ನಳಿಗೆ ತರಬೇಕಾ, ಬೇಡವಾ?

ಗುರಿ ಎಷ್ಟು ಸಣ್ಣದು?

10 ಮೀಟರ್ ಏರ್ ರೈಫಲ್ ಸ್ಪರ್ಧೆಯ ಗುರಿಯಲ್ಲಿ ನಡುವಿನ 10ರ ಚುಕ್ಕೆಯ ವ್ಯಾಸ ಬರೀ 0.5 ಮಿ.ಮೀ. ಪೆಲೆಟ್‌ನ ವ್ಯಾಸ 4.5 ಮಿ.ಮೀ. ಪೆಲೆಟ್‌ನ ಅಂಚು ಚುಕ್ಕೆಗೆ ತಾಗಿದರೂ 10 ಅಂಕ. ಅಂದರೆ ಪೆಲೆಟ್‌ನ ಕೇಂದ್ರ ಗುರಿಯ ಕೇಂದ್ರದಿಂದ 2.5 ಮಿ.ಮೀ. ಒಳಗೆ ಬಿದ್ದರೆ ಸಾಕು. ಎಲ್ಲ ಗುಂಡುಗಳ ಕೇಂದ್ರಗಳು 5 ಮಿ.ಮೀ. ವ್ಯಾಸದ ವೃತ್ತದೊಳಗೆ ಇರಬೇಕು ಅಂತಾಯ್ತು. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ ತಂದಿದ್ದು ಇದೇ ಸ್ಪರ್ಧೆಯಲ್ಲಿ.

ಈಗ ಮುಖ್ಯ ವಿಷಯ. ಎಲ್ಲ ಗುಂಡುಗಳೂ ಎಡಕ್ಕೆ ಒಂದೇ ಕಡೆ ಗುಂಪಾಗಿ ಬಿದ್ದರೆ ಅದು ವಾಲಿಕೆ. ನಳಿಗೆ ಸ್ವಲ್ಪ ಬಾಗಿದ್ದರೆ ಸಾಮಾನ್ಯವಾಗಿ ಆಗೋದು ಇದೇ. ಸೈಟ್ ತಿರುಗಿಸಿದರೆ ಸರಿಹೋಗುತ್ತೆ, ಖರ್ಚು ಸೊನ್ನೆ. ಗುಂಡುಗಳು ಸುತ್ತಲೂ ಹರಡಿ ಬಿದ್ದರೆ ಅದು ಚದುರಿಕೆ. ಅದನ್ನು ಯಾವ ಸೈಟೂ ಸರಿಮಾಡಲ್ಲ. ನಳಿಗೆಯ ಮೇಲೆ ಅನುಮಾನ ಪಡಬೇಕಾದದ್ದು ಚದುರಿಕೆ ಇದ್ದಾಗ ಮಾತ್ರ.

5, 12, 13

ಚದುರಿಕೆಗೆ ಕೈಯೂ ಕಾರಣ, ರೈಫಲ್ಲೂ ಕಾರಣ. ಒಂದಕ್ಕೊಂದು ಸಂಬಂಧವಿಲ್ಲದ ಚದುರಿಕೆಗಳು ನೇರವಾಗಿ ಕೂಡಲ್ಲ, ಅವುಗಳ ವರ್ಗಗಳು ಕೂಡುತ್ತವೆ. ಸ್ಟ್ಯಾಟಿಸ್ಟಿಕ್ಸ್ ಕ್ಲಾಸಲ್ಲಿ ಓದಿದ್ದು ಇಲ್ಲಿ ಕೆಲಸಕ್ಕೆ ಬರುತ್ತೆ. ಕೈಯದು 12 ಮಿ.ಮೀ., ರೈಫಲ್‌ದು 5 ಮಿ.ಮೀ. ಅಂತಿಟ್ಟುಕೊಳ್ಳಿ. ಒಟ್ಟು 144 + 25 = 169ರ ವರ್ಗಮೂಲ, ಅಂದರೆ 13. ದುಡ್ಡು ಸುರಿದು ನಳಿಗೆ ಬದಲಿಸಿ ರೈಫಲ್‌ದನ್ನು 2ಕ್ಕೆ ಇಳಿಸಿದರೆ ಒಟ್ಟು ಸುಮಾರು 12.2. ಉಳಿದದ್ದು 1 ಮಿ.ಮೀ.ಗಿಂತ ಕಡಿಮೆ!

ಅದೇ ಕೈಯದು 3 ಆಗಿದ್ದರೆ? ಹಳೆ ನಳಿಗೆಯಲ್ಲಿ 5.8, ಹೊಸದರಲ್ಲಿ 3.6. ಈಗ ಆ ದುಡ್ಡಿಗೆ ಅರ್ಥ ಇದೆ. ಹಾಗಾಗಿ ಮೊದಲು ಕೈಯ ಪಾಲನ್ನು ತಗ್ಗಿಸಿ ಅಳೆಯಿರಿ. ಅಕ್ಕಿ ಚೀಲದ ಮೇಲೆ ಅಂಗೈ, ಅಂಗೈ ಮೇಲೆ ರೈಫಲ್. ಸ್ಪ್ರಿಂಗ್ ರೈಫಲ್ ಸಿಡಿಯುವಾಗ ಹಿಂದೆ ಮುಂದೆ ಒದೆಯುವುದರಿಂದ ಅದನ್ನು ಗಟ್ಟಿ ಮೇಜಿನ ಮೇಲೆ ನೇರವಾಗಿ ಇಡಬೇಡಿ, ಬಿಗಿಯಾಗಿ ಹಿಡಿಯಲೂಬೇಡಿ. ಹತ್ತತ್ತು ಗುಂಡಿನ ಮೂರು ಗುಂಪು ಹೊಡೆಯಿರಿ. ಮೂರೇ ಗುಂಡಿನ ಚಂದದ ಗುಂಪು ನೋಡಿ ಮೋಸಹೋಗಬೇಡಿ.

ಖರ್ಚಿಲ್ಲದ ಪರೀಕ್ಷೆಗಳು

ಇವನ್ನು ಇದೇ ಕ್ರಮದಲ್ಲಿ ಮಾಡಿ.

1. ಮರದ ಹಿಡಿಯ ಸ್ಕ್ರೂ, ಸೈಟ್‌ನ ಸ್ಕ್ರೂ ಬಿಗಿ ಮಾಡಿ. ಸಡಿಲ ಸ್ಕ್ರೂ ಥೇಟ್ ಕೆಟ್ಟ ನಳಿಗೆಯ ಹಾಗೇ ನಾಟಕ ಆಡುತ್ತೆ.

2. ನಳಿಗೆ ಮಡಚುವ ಜಾಗದ ಸೀಲ್ ಮೇಲೆ ತೆಳು ಟಿಶ್ಯೂ ಕಾಗದದ ಚೂರು ಇಟ್ಟು, ಪೆಲೆಟ್ ಹಾಕಿ ಮಣ್ಣಿನ ತಡೆಗೆ ಹೊಡೆಯಿರಿ. ಕಾಗದ ಹಾರಿದರೆ ಗಾಳಿ ಸೋರುತ್ತಿದೆ. ಬೇಕಾದದ್ದು ಸೀಲ್, ನಳಿಗೆ ಅಲ್ಲ.

3. ಸೀಸದ ಕೊಳೆಯನ್ನು ಮೆತ್ತನೆ ಬಟ್ಟೆಯಿಂದ ತೆಗೆಯಿರಿ. ಉಕ್ಕಿನ ಬ್ರಶ್ ಬೇಡ.

4. ಪೆಲೆಟ್ ಬದಲಿಸಿ ನೋಡಿ. 4.49, 4.50, 4.51, 4.52 ಮಿ.ಮೀ. ತಲೆಯವು ಸಿಗುತ್ತವೆ. ಒಂದು ನಳಿಗೆಗೆ ಒಗ್ಗಿದ್ದು ಇನ್ನೊಂದಕ್ಕೆ ಒಗ್ಗಲ್ಲ.

5. ನಳಿಗೆಯ ಬಾಯಿಯ ಒಳ ಅಂಚಿನ ಸುತ್ತ ಹತ್ತಿ ಕಡ್ಡಿ ಆಡಿಸಿ. ಹತ್ತಿ ಎಳೆ ಸಿಕ್ಕಿಕೊಂಡರೆ ಅಲ್ಲಿ ಮುಳ್ಳೆದ್ದಿದೆ. ಪೆಲೆಟ್ ಹೊರಬೀಳೋ ಕ್ಷಣದಲ್ಲಿ ಗಾಳಿ ಒಂದು ಬದಿಗೆ ಹೆಚ್ಚು ನುಗ್ಗಿ ಪೆಲೆಟ್ಟನ್ನು ಓಲಾಡಿಸುತ್ತೆ. ಲೇಥ್‌ನಲ್ಲಿ ತುದಿಯನ್ನು ತುಸು ಸವರಿದರೆ ಸರಿಹೋಗಬಹುದು. ಷರತ್ತು ಒಂದೇ: ಕೆಲಸಗಾರ ಸೆಂಟರ್ ಹಿಡಿಯಬೇಕಾದದ್ದು ಒಳ ಬೋರ್‌ಗೆ, ಹೊರ ಮೈಗೆ ಅಲ್ಲ. ಎರಡೂ ಏಕಕೇಂದ್ರವಾಗಿರುತ್ತವೆ ಅನ್ನೋ ಖಾತ್ರಿ ಇಲ್ಲ.

6. ರೈಫಲ್ ಕಾಕ್ ಮಾಡಿಲ್ಲ ಅಂತ ಖಾತ್ರಿ ಮಾಡಿಕೊಂಡು, ಸಪೂರ ಮರದ ಕಡ್ಡಿಯಿಂದ ಒಂದು ಪೆಲೆಟ್ಟನ್ನು ಹಿಂದಿನಿಂದ ಮುಂದಕ್ಕೆ ನಿಧಾನವಾಗಿ ತಳ್ಳಿ. ತಡೆ ಉದ್ದಕ್ಕೂ ಒಂದೇ ಸಮ ಇರಬೇಕು. ಬಾಯಿ ಹತ್ತಿರ ತುಸು ಬಿಗಿಯಾದರೆ ಒಳ್ಳೇದು, ಅದಕ್ಕೆ ಚೋಕ್ ಅಂತಾರೆ. ನಡುವೆ ಸಡಿಲ, ಆಮೇಲೆ ಬಿಗಿ, ಮತ್ತೆ ಸಡಿಲ ಆದರೆ ಅದು ನಿಜಕ್ಕೂ ಕೆಟ್ಟ ನಳಿಗೆ.

ಕೊಳ್ಳಲೇಬೇಕಾದರೆ

ಉದ್ದಕ್ಕೆ ಮರುಳಾಗಬೇಡಿ. ಸ್ಪ್ರಿಂಗ್ ರೈಫಲ್ ಒತ್ತುವ ಗಾಳಿ ಇಷ್ಟೇ ಇಷ್ಟು. ಅದು ಹಿಗ್ಗಿ ಮುಗಿದ ಮೇಲೆ ಉಳಿದ ಉದ್ದ ಬರೀ ಘರ್ಷಣೆ. ವೇಗಕ್ಕೂ ಆಸೆಪಡಬೇಡಿ. 0.53 ಗ್ರಾಂ ಪೆಲೆಟ್ ಸೆಕೆಂಡಿಗೆ 170 ಮೀಟರ್ ಹೋದರೆ ಶಕ್ತಿ ಸುಮಾರು 7.7 ಜೂಲ್, 10 ಮೀಟರ್‌ಗೆ ಅಷ್ಟು ಧಾರಾಳ ಸಾಕು. ಸುರುಳಿ ಗೀರುಗಳು 450 ಮಿ.ಮೀ.ಗೆ ಒಂದು ಸುತ್ತು ಇದ್ದರೆ ಈ ವೇಗದಲ್ಲಿ ಪೆಲೆಟ್ ಸೆಕೆಂಡಿಗೆ ಸುಮಾರು 378 ಸುತ್ತು ತಿರುಗುತ್ತೆ.

ನೋಡಬೇಕಾದದ್ದು ನಾಲ್ಕು: ಒಂದೇ ಸಮನಾದ ಬೋರ್, ಬಾಯಲ್ಲಿ ಚೋಕ್, ನೀಟಾದ ತುದಿ, ಮತ್ತು ನಿಮ್ಮ ರೈಫಲ್‌ಗೆ ನೇರವಾಗಿ ಕೂರುವ ಅಳತೆ. ಕೊನೆಯದೇ ಜೇಬಿಗೆ ಕತ್ತರಿ. ಜರ್ಮನಿಯ ಲೋಥರ್ ವಾಲ್ಥರ್‌ನಂಥ ಹೆಸರುವಾಸಿ ಕಂಪನಿಯ ಬರೀ ನಳಿಗೆ ತಂದರೆ ಅದನ್ನು ಕತ್ತರಿಸಿ, ತಿರುವಿ, ಕೂರಿಸುವ ಕೂಲಿ ಬೇರೆ. ಮಡಚುವ ರೈಫಲ್‌ನಲ್ಲಿ ನಳಿಗೆ ಹಿಂದಿನ ಬ್ಲಾಕ್‌ಗೆ ಬಿಗಿದಿರುವುದರಿಂದ, ಅದೇ ಮಾದರಿಯ ನಳಿಗೆ ಮತ್ತು ಬ್ಲಾಕ್ ಜೋಡಿಯಾಗಿ ತಯಾರಕರಿಂದಲೇ ಸಿಕ್ಕರೆ ಅಗ್ಗ, ಸುರಕ್ಷಿತ ಕೂಡ. ಬಿಡಿಭಾಗ, ಸಾಗಣೆ, ಕೂಲಿ ಎಲ್ಲ ಸೇರಿ ರೈಫಲ್‌ನ ಅರ್ಧ ಬೆಲೆ ದಾಟಿದರೆ, ಅದನ್ನು ಇನ್ನೊಂದು ರೈಫಲ್‌ನ ಮುಂಗಡ ಅಂತ ಎತ್ತಿಡೋದೇ ಜಾಣತನ.

ಕಾನೂನಿನ ಮಾತೂ ಇದೆ. 2016ರ ಆಯುಧ ನಿಯಮಗಳ ಪ್ರಕಾರ ಬೋರ್ 4.5 ಮಿ.ಮೀ. ಅಥವಾ ಶಕ್ತಿ 20 ಜೂಲ್ ಮೀರಿದರೆ ಲೈಸೆನ್ಸ್ ಬೇಕು. ದೊಡ್ಡ ಬೋರ್‌ನ ನಳಿಗೆ ಅಗ್ಗಕ್ಕೆ ಸಿಕ್ಕರೂ ಮುಟ್ಟಬೇಡಿ. ನೆಲ್ಲಿನ ಗದ್ದೆಗೆ ಇಳಿಯುವ ಕಾಡುಹಕ್ಕಿಗಳ ಮೇಲೆ ಪ್ರಯೋಗ ಮಾಡೋದಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಹಾಗಾದರೆ ಮುಕ್ಕುಂದದ ಆ ವಿದ್ಯಾರ್ಥಿನಿ ಏನು ಮಾಡಬೇಕು? ಚೀಲದ ಮೇಲಿಟ್ಟು ಹೊಡೆದಾಗ ಗುಂಪು ಚಿಕ್ಕದಾಗಿ, ನಿಂತು ಹೊಡೆದಾಗ ದೊಡ್ಡದಾದರೆ ದುಡ್ಡನ್ನು ಪೆಲೆಟ್‌ಗೆ ಹಾಕಿ ದಿನಾ ಅಭ್ಯಾಸ ಮಾಡಲಿ. ಚೀಲದ ಮೇಲೂ ಚದುರಿ, ಆರೂ ಪರೀಕ್ಷೆ ಮುಗಿದ ಮೇಲೂ ಚದುರಿದರೆ ಧೈರ್ಯವಾಗಿ ನಳಿಗೆ ಬದಲಿಸಲಿ. ಆಗ ಅದು ಅನುಮಾನದ ಖರ್ಚಲ್ಲ, ಅಳೆದು ಮಾಡಿದ ಖರ್ಚು.