ತೆರಿಗೆ ರಿಯಾಯಿತಿಯಿಂದ ಉದ್ಯಮ ಉಳಿದೀತೇ? – ಒಂದು ಲೆಕ್ಕಾಚಾರ

ಒಂದು ರಾಜ್ಯದ ಉದ್ಯಮವನ್ನು ಮತ್ತೊಂದು ರಾಜ್ಯ ತನ್ನತ್ತ ಕರೆಯುವುದು ಹೊಸ ಸಂಗತಿಯೇನಲ್ಲ. ದೇವನಹಳ್ಳಿ ತಾಲ್ಲೂಕಿನ 1,777 ಎಕರೆ ಭೂಸ್ವಾಧೀನವನ್ನು ಕರ್ನಾಟಕ ಸರ್ಕಾರ 2025ರ ಜುಲೈನಲ್ಲಿ ಕೈಬಿಟ್ಟ ಕೂಡಲೇ, ವೈಮಾನಿಕ ಉದ್ಯಮಗಳಿಗೆ ಆಂಧ್ರಪ್ರದೇಶದ ಸಚಿವ ನಾರಾ ಲೋಕೇಶ್ ಬಹಿರಂಗ ಆಹ್ವಾನ ನೀಡಿದರು. ಇಂತಹ ಸಂದರ್ಭಗಳಲ್ಲಿ ಇಲ್ಲಿಯೂ ತೆರಿಗೆ ರಿಯಾಯಿತಿ ಬೇಕೆಂಬ ಬೇಡಿಕೆ ಸಹಜ. ಮಹಾರಾಷ್ಟ್ರ, ತೆಲಂಗಾಣಗಳಿಗೆ ಹೊಂದಿಕೊಂಡಿರುವ ಕಲಬುರಗಿ ಜಿಲ್ಲೆಯ ವರ್ತಕರು ಹಾಗೂ ಸಣ್ಣ ತಯಾರಕರು ಅದಕ್ಕೂ ಮುನ್ನ ಆ ರಿಯಾಯಿತಿಯ ನಿಜವಾದ ಬೆಲೆಯನ್ನು ಅರಿಯುವುದು ಅವಶ್ಯ.

ಹಿನ್ನೆಲೆ

1990ರ ದಶಕದಲ್ಲಿ ರಾಜ್ಯಗಳು ಮಾರಾಟ ತೆರಿಗೆಯ ವಿನಾಯಿತಿ, ಮುಂದೂಡಿಕೆಗಳನ್ನು ನೀಡಿ ಪೈಪೋಟಿಗೆ ಇಳಿದಿದ್ದವು. ಪೈಪೋಟಿಯಿಂದ ಎಲ್ಲರ ಬೊಕ್ಕಸಕ್ಕೂ ನಷ್ಟವಾದುದರಿಂದ, 2000ದ ಜನವರಿ 1ರಿಂದ ಏಕರೂಪದ ಕನಿಷ್ಠ ದರ ಅನುಸರಿಸಲು ಮತ್ತು ಇಂತಹ ಪ್ರೋತ್ಸಾಹಕಗಳನ್ನು ನಿಲ್ಲಿಸಲು 1999ರ ನವೆಂಬರ್‌ನಲ್ಲಿ ಒಮ್ಮತ ಮೂಡಿತು. ಕರ್ನಾಟಕದಲ್ಲಿ 2005ರ ಏಪ್ರಿಲ್ 1ರಿಂದ ವ್ಯಾಟ್, 2017ರ ಜುಲೈ 1ರಿಂದ ಜಿಎಸ್‌ಟಿ ಜಾರಿಯಾದವು.

ಜಿಎಸ್‌ಟಿಯು ಬಳಕೆಯ ಸ್ಥಳವನ್ನು ಆಧರಿಸಿದ ತೆರಿಗೆ. ಸರಕು ಹೊರರಾಜ್ಯಕ್ಕೆ ಹೋದಾಗ ವಿಧಿಸುವ ಐಜಿಎಸ್‌ಟಿಯಲ್ಲಿ ರಾಜ್ಯದ ಪಾಲು ಬಳಸುವ ರಾಜ್ಯಕ್ಕೇ ಸೇರುತ್ತದೆ. ತಯಾರಿಸುವ ರಾಜ್ಯವು ತನಗೆ ಬಂದ ಎಸ್‌ಜಿಎಸ್‌ಟಿಯನ್ನು ಮಾತ್ರ ಸಹಾಯಧನದ ರೂಪದಲ್ಲಿ ಹಿಂದಿರುಗಿಸಬಲ್ಲದು.

ಒಂದು ಉದಾಹರಣೆ

2019ರಲ್ಲಿ ಜಿಐ ಮಾನ್ಯತೆ ಪಡೆದ ಗುಲ್ಬರ್ಗಾ ತೊಗರಿ ಬೇಳೆಯನ್ನೇ ತೆಗೆದುಕೊಳ್ಳೋಣ. ಬಿಡಿ ಬೇಳೆಗೆ ತೆರಿಗೆಯಿಲ್ಲ. ಆದ್ದರಿಂದ ಹಿಂದಿರುಗಿಸಲು ಏನೂ ಇಲ್ಲ. 25 ಕಿಲೋವರೆಗಿನ, ಮುಂಚಿತವಾಗಿ ಕಟ್ಟಿ ಲೇಬಲ್ ಹಚ್ಚಿದ ಪೊಟ್ಟಣಗಳಿಗೆ 2022ರ ಜುಲೈ 18ರಿಂದ ಶೇ. 5 ತೆರಿಗೆ ಬಂದಿತು.

ರೋಜಾ ಪ್ರದೇಶದಲ್ಲಿ ಇಂತಹ ಪೊಟ್ಟಣ ಕಟ್ಟಿ ವರ್ಷಕ್ಕೆ ₹2 ಕೋಟಿ ವಹಿವಾಟು ನಡೆಸುವ ಘಟಕವೊಂದು ಇದೆಯೆನ್ನೋಣ. ಅದರಲ್ಲಿ ₹1.5 ಕೋಟಿಯ ಮಾಲು ಹೊರರಾಜ್ಯಕ್ಕೆ, ₹50 ಲಕ್ಷದ ಮಾಲು ಕರ್ನಾಟಕದೊಳಗೆ ಮಾರಾಟವಾಗುತ್ತದೆ. ₹50 ಲಕ್ಷದ ಮೇಲೆ ಶೇ. 2.5ರಂತೆ ಎಸ್‌ಜಿಎಸ್‌ಟಿ ₹1,25,000. ಸರ್ಕಾರ ಇದನ್ನು ಪೂರ್ತಿ ಹಿಂದಿರುಗಿಸಿದರೂ ವಹಿವಾಟಿನ ನೂರು ರೂಪಾಯಿಗೆ ದೊರೆಯುವುದು ಸುಮಾರು 63 ಪೈಸೆ. ಇನ್‌ಪುಟ್ ತೆರಿಗೆ ಜಮೆ ಕಳೆದರೆ ಇನ್ನೂ ಕಡಿಮೆಯಾಗಬಹುದು.

ಇದೇ ಘಟಕಕ್ಕೆ ₹60 ಲಕ್ಷದ ದುಡಿಯುವ ಬಂಡವಾಳದ ಸಾಲವಿದ್ದು, ಬಡ್ಡಿಯಲ್ಲಿ ಶೇ. 2ರಷ್ಟು ಸಹಾಯಧನ ದೊರೆತರೆ ಉಳಿತಾಯ ₹1,20,000. ಮಾಲು ಎಲ್ಲಿ ಮಾರಾಟವಾದರೂ, ಬಿಡಿಯಾಗಿ ಮಾರಿದರೂ ಈ ಉಳಿತಾಯ ತಪ್ಪದು.

ಭರವಸೆಯ ಬಾಳಿಕೆ

ಹಿಮಾಚಲ ಪ್ರದೇಶ ಮತ್ತು ಉತ್ತರಾಖಂಡದ ಹೊಸ ಘಟಕಗಳಿಗೆ ಕೇಂದ್ರ ಸರ್ಕಾರ 2003ರಲ್ಲಿ ಹತ್ತು ವರ್ಷಗಳ ಅಬಕಾರಿ ಸುಂಕದ ವಿನಾಯಿತಿ ಘೋಷಿಸಿತ್ತು. ಜಿಎಸ್‌ಟಿ ಬಂದ ಬಳಿಕ, ಅವಧಿ ಉಳಿದಿದ್ದ ಘಟಕಗಳಿಗೆ ನಗದಾಗಿ ಪಾವತಿಸಿದ ಸಿಜಿಎಸ್‌ಟಿಯ ಶೇ. 58ರಷ್ಟನ್ನು ಮಾತ್ರ ಹಿಂದಿರುಗಿಸಲಾಯಿತು. ಪೂರ್ಣ ಮೊತ್ತ ಕೋರಿದ ಹೀರೋ ಮೋಟೋಕಾರ್ಪ್ ಮೇಲ್ಮನವಿಯನ್ನು ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್‌ನಲ್ಲಿ ವಜಾಗೊಳಿಸಿತು. ಕಾನೂನೇ ಬದಲಾದಾಗ ಹಿಂದಿನ ಭರವಸೆಯನ್ನು ಆಧಾರವಾಗಿಟ್ಟು ಹಕ್ಕು ಸಾಧಿಸಲಾಗದು ಎಂಬುದು ಇದರ ಸಾರ.

ಗಮನದಲ್ಲಿಡಬೇಕಾದ ಅಂಶಗಳು

1. ಒಟ್ಟು ಮಾರಾಟದಲ್ಲಿ ರಾಜ್ಯದೊಳಗಿನ ಪಾಲನ್ನು ಮೊದಲು ಪ್ರತ್ಯೇಕಿಸಬೇಕು. ಎಸ್‌ಜಿಎಸ್‌ಟಿ ಆಧಾರಿತ ಸಹಾಯಧನದ ಮಿತಿ ಅಲ್ಲಿಯೇ ತಿಳಿಯುತ್ತದೆ.

2. 2015ರ ಹಣಕಾಸು ಕಾಯ್ದೆಯ ತರುವಾಯ, ಆಸ್ತಿಯ ವೆಚ್ಚದಲ್ಲಿ ಕಳೆಯಲಾದ ಸಹಾಯಧನವನ್ನು ಬಿಟ್ಟರೆ ಉಳಿದುದು ಸಾಮಾನ್ಯವಾಗಿ ಆದಾಯವೆನಿಸುತ್ತದೆ. ಆದ್ದರಿಂದ ಕೈಗೆ ಉಳಿಯುವುದು ಆದಾಯ ತೆರಿಗೆ ಕಳೆದ ಮೊತ್ತ.

3. ಮಂಜೂರಾತಿ ಆದೇಶದಲ್ಲಿ ಉತ್ಪಾದನೆ ಮುಂದುವರಿಸಬೇಕಾದ ಅವಧಿ, ಷರತ್ತು ಮುರಿದರೆ ಹಣ ವಸೂಲಾತಿ ಕುರಿತ ಅಂಶಗಳನ್ನು ಓದಿಯೇ ಸಹಿ ಹಾಕಬೇಕು.

4. ಸಹಾಯಧನ ಬರುವ ನಿರೀಕ್ಷೆಯಿಂದ ಬ್ಯಾಂಕಿನ ಕಂತನ್ನು ನಿಗದಿಪಡಿಸಿಕೊಳ್ಳಬಾರದು.

ರಿಯಾಯಿತಿ ಇಲ್ಲದೆಯೂ ಲಾಭದಲ್ಲಿ ನಡೆಯಬಲ್ಲ ಘಟಕಕ್ಕೆ ರಿಯಾಯಿತಿ ಬಲ ನೀಡುತ್ತದೆ. ಅದನ್ನೇ ನಂಬಿದ ಘಟಕವು ಅವಧಿ ಮುಗಿದೊಡನೆ ಮತ್ತೊಂದು ಊರು ಹುಡುಕಬೇಕಾಗುತ್ತದೆ. ಆದುದರಿಂದ ಕಲಬುರಗಿಯ ಸಣ್ಣ ಉದ್ಯಮಿಗಳು ಸರ್ಕಾರದ ಮುಂದಿಡುವ ಮನವಿಯಲ್ಲಿ ಬಡ್ಡಿ ಸಹಾಯಧನ, ನಿರಂತರ ವಿದ್ಯುತ್ ಹಾಗೂ ಉಗ್ರಾಣ ಸೌಲಭ್ಯಗಳಿಗೆ ಮೊದಲ ಸ್ಥಾನ ಸಲ್ಲಬೇಕು.