ಅಪ್‌ಡೇಟ್ ಆಯ್ತು, ಮಾನಿಟರ್ ಮಾಯವಾಯ್ತು

ರಾತ್ರಿ ‘ಅಪ್‌ಡೇಟ್ ಆ್ಯಂಡ್ ಶಟ್‌ಡೌನ್’ ಒತ್ತಿ ಮಲಗಿರುತ್ತೀರಿ. ಬೆಳಿಗ್ಗೆ ಲ್ಯಾಪ್‌ಟಾಪ್ ಎಂದಿನಂತೆ ಆನ್ ಆಗುತ್ತದೆ, ಇಂಟರ್ನೆಟ್ ಬರುತ್ತದೆ, ಫೈಲುಗಳೆಲ್ಲ ಇದ್ದಲ್ಲೇ ಇವೆ. ಮೇಜಿನ ಮೇಲಿನ ದೊಡ್ಡ ಮಾನಿಟರ್ ಮಾತ್ರ ‘ನೋ ಸಿಗ್ನಲ್’ ಎಂದು ಒಮ್ಮೆ ತೋರಿಸಿ ಕಪ್ಪಾಗಿಬಿಡುತ್ತದೆ. ಹತ್ತು ಗಂಟೆಗೆ ಮೀಟಿಂಗ್ ಇರುತ್ತದೆ. ಯಾರನ್ನಾದರೂ ಕೇಳಿದರೆ ಮೊದಲು ಸಿಗುವ ಸಲಹೆ ‘ಡ್ರೈವರ್ ತೆಗೆದು ಹಾಕಿ’, ಎರಡನೆಯದು ‘ಫಾರ್ಮ್ಯಾಟ್ ಮಾಡಿಸಿ’. ಎರಡೂ ಈಗಲೇ ಬೇಡ. ಫಾರ್ಮ್ಯಾಟಂತೂ ಈ ತೊಂದರೆಗೆ ಬಹುತೇಕ ಯಾವತ್ತೂ ಬೇಕಾಗುವುದಿಲ್ಲ. ಮೊದಲು ತಿಳಿಯಬೇಕಾದ್ದು ತಪ್ಪು ಎಲ್ಲಿದೆ ಎಂಬುದು: ತಂತಿಯಲ್ಲೋ, ವಿಂಡೋಸ್‌ನಲ್ಲೋ, ಲ್ಯಾಪ್‌ಟಾಪಿಗೂ ಮಾನಿಟರಿಗೂ ನಡುವೆ ಕೂತ ಜೋಡಣೆಯ ಪೆಟ್ಟಿಗೆ, ಅಂದರೆ ಡಾಕ್‌ನಲ್ಲೋ. ಅದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಮಾನಿಟರ್ ಬಂದಿದೆ ಎಂದು ಲ್ಯಾಪ್‌ಟಾಪ್‌ಗೆ ಗೊತ್ತಾಗುವ ಬಗೆ ಸ್ವಾರಸ್ಯಕರವಾಗಿದೆ. ಎಚ್‌ಡಿಎಂಐ ಕೇಬಲ್‌ನಲ್ಲಿ 19 ಪಿನ್‌ಗಳಿವೆ. ಕೊನೆಯ ಪಿನ್ನಿನ ಮುಖ್ಯ ಕೆಲಸ ‘ನಾನು ಬಂದಿದ್ದೇನೆ’ ಎಂದು ಬಾಗಿಲು ತಟ್ಟುವುದು. ತಟ್ಟಿದ ಸದ್ದು ಕೇಳಿದ ಮೇಲೆ ಗ್ರಾಫಿಕ್ಸ್ ಚಿಪ್ ಮಾನಿಟರ್‌ನ ಒಳಗಿರುವ ಇಡಿಐಡಿ ಎಂಬ ಪುಟ್ಟ ದಾಖಲೆಯನ್ನು ಓದಿಕೊಳ್ಳುತ್ತದೆ. ಮೂಲದಲ್ಲಿ ಬರೀ 128 ಬೈಟ್‌ಗಳ ಈ ದಾಖಲೆಯಲ್ಲಿ ತಯಾರಕರು ಯಾರು, ಮಾಡೆಲ್ ಯಾವುದು, ಎಷ್ಟು ರೆಸಲ್ಯೂಶನ್ ತಾಳುತ್ತದೆ ಎಂಬುದೆಲ್ಲ ಇರುತ್ತದೆ. ತಟ್ಟಿದ್ದು ಕೇಳಿಸದಿದ್ದರೂ, ದಾಖಲೆ ಓದಲಾಗದಿದ್ದರೂ, ಓದುವ ಡ್ರೈವರ್ ಏಳದಿದ್ದರೂ ನಮಗೆ ಕಾಣುವುದು ಅದೇ ಕಪ್ಪು ಪರದೆ.

ಅಪ್‌ಡೇಟ್ ಮುಟ್ಟುವುದು ಇದರಲ್ಲಿ ಡ್ರೈವರ್ ಅನ್ನು, ಕೆಲವೊಮ್ಮೆ ಫರ್ಮ್‌ವೇರ್ ಅನ್ನು. ಕೇಬಲ್ಲನ್ನು ಅದು ಕೆಡಿಸಲಾರದು. ಆದರೆ ವಾರಗಟ್ಟಲೆ ಬರೀ ಮುಚ್ಚಿ ತೆರೆದು ಮಾಡುತ್ತಿದ್ದ ಲ್ಯಾಪ್‌ಟಾಪ್ ನಿಜವಾಗಿ ರೀಸ್ಟಾರ್ಟ್ ಆಗುವುದೇ ಅಪ್‌ಡೇಟ್ ದಿನ. ಸಡಿಲವಾಗಿದ್ದ ಕೇಬಲ್, ಸಿಕ್ಕಿಬಿದ್ದ ಡಾಕ್, ಹಳೆಯ ಸೆಟ್ಟಿಂಗ್ ಎಲ್ಲವೂ ಬಯಲಾಗುವುದು ಆಗಲೇ. ಹಾಗಾಗಿ ಅಪ್‌ಡೇಟ್ ಮೇಲೆ ಅನುಮಾನ ಇರಲಿ, ತೀರ್ಪು ಈಗಲೇ ಬೇಡ.

ಮೊದಲ ಐದು ನಿಮಿಷ

ಲ್ಯಾಪ್‌ಟಾಪನ್ನು ‘ಶಟ್‌ಡೌನ್’ ಮಾಡಿ ಮತ್ತೆ ಆನ್ ಮಾಡುವುದು ಸಾಲದು. ‘ರೀಸ್ಟಾರ್ಟ್’ ಅನ್ನೇ ಒತ್ತಿ. ವಿಂಡೋಸ್ 8ರಿಂದ ಈಚೆಗೆ ‘ಫಾಸ್ಟ್ ಸ್ಟಾರ್ಟಪ್’ ಎಂಬ ಸೌಲಭ್ಯವಿದೆ. ಅದು ಆನ್ ಇದ್ದಾಗ ಶಟ್‌ಡೌನ್ ಮಾಡಿದರೂ ವಿಂಡೋಸ್‌ನ ತಿರುಳು ಮತ್ತು ಡ್ರೈವರ್‌ಗಳ ಸ್ಥಿತಿ ಡಿಸ್ಕ್‌ನಲ್ಲಿ ಉಳಿದು, ಮರುದಿನ ಹಾಗೆಯೇ ಎದ್ದು ಬರುತ್ತದೆ, ತಪ್ಪೂ ಜೊತೆಗೇ ಎದ್ದು ಬರುತ್ತದೆ. ರೀಸ್ಟಾರ್ಟ್‌ನಲ್ಲಿ ಎಲ್ಲವೂ ಹೊಸದಾಗಿ ಶುರು.

ರೀಸ್ಟಾರ್ಟ್ ಆಗುತ್ತಿರುವಾಗಲೇ ಮಾನಿಟರ್‌ನ ಪ್ಲಗ್ಗನ್ನು ಗೋಡೆಯಿಂದ ಕಿತ್ತು ಒಂದು ನಿಮಿಷ ಬಿಡಿ. ಮುಂಭಾಗದ ಬಟನ್ ಒತ್ತಿ ಆಫ್ ಮಾಡಿದರೆ ಅದು ಬರೀ ನಿದ್ದೆ. ಡಾಕ್ ಇದ್ದರೆ ಅದರ ಅಡಾಪ್ಟರನ್ನೂ ಕೀಳಿ. ಮತ್ತೆ ಜೋಡಿಸುವಾಗ ಕೇಬಲ್‌ನ ಎರಡೂ ತುದಿಯನ್ನು ತೆಗೆದು ಗಟ್ಟಿಯಾಗಿ ಕೂರಿಸಿ, ಮಾನಿಟರ್‌ನ ಮೆನುವಿನಲ್ಲಿ ‘ಇನ್‌ಪುಟ್ ಸೋರ್ಸ್’ ನೋಡಿ. ಕೇಬಲ್ ಎಚ್‌ಡಿಎಂಐ 1ರಲ್ಲಿದ್ದು ಮಾನಿಟರ್ ಡಿಸ್‌ಪ್ಲೇಪೋರ್ಟ್‌ಗೆ ಕಾಯುತ್ತಾ ಕೂತಿದ್ದರೆ ಲ್ಯಾಪ್‌ಟಾಪ್ ಏನು ಮಾಡಿದರೂ ವ್ಯರ್ಥ.

ಇನ್ನು ಕೀಬೋರ್ಡ್. ವಿಂಡೋಸ್ ಕೀ ಜೊತೆ ಪಿ ಒತ್ತಿದರೆ ನಾಲ್ಕು ಆಯ್ಕೆ ಬರುತ್ತವೆ, ‘ಎಕ್ಸ್‌ಟೆಂಡ್’ ಆರಿಸಿ. ‘ಪಿಸಿ ಸ್ಕ್ರೀನ್ ಓನ್ಲಿ’ಯಲ್ಲಿ ನಿಂತಿದ್ದರೆ ತೊಂದರೆ ಇಷ್ಟೇ ಆಗಿತ್ತು. ಅದರಿಂದ ಆಗದಿದ್ದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ. ಪರದೆ ಒಮ್ಮೆ ಮಿನುಗಿ ಬೀಪ್ ಸದ್ದು ಬಂದರೆ ಗ್ರಾಫಿಕ್ಸ್ ಡ್ರೈವರ್ ಮರುಚಾಲನೆ ಆಯಿತೆಂದು ಅರ್ಥ. ತೆರೆದಿರುವ ಫೈಲುಗಳಿಗೆ ಇದರಿಂದ ಏನೂ ಆಗುವುದಿಲ್ಲ. ಕೊನೆಗೆ ಸೆಟ್ಟಿಂಗ್ಸ್, ಸಿಸ್ಟಂ, ಡಿಸ್‌ಪ್ಲೇ, ‘ಮಲ್ಟಿಪಲ್ ಡಿಸ್‌ಪ್ಲೇಸ್’ ಒಳಗಿನ ‘ಡಿಟೆಕ್ಟ್’ ಬಟನ್. ಪರದೆಯ ಚಿತ್ರದಲ್ಲಿ 1, 2 ಎಂದು ಎರಡು ಚೌಕ ಕಂಡರೆ ಮಾನಿಟರ್ ಪತ್ತೆಯಾಗಿದೆ. ಆಗಲೂ ಚಿತ್ರ ಬಾರದಿದ್ದರೆ ‘ಅಡ್ವಾನ್ಸ್‌ಡ್ ಡಿಸ್‌ಪ್ಲೇ’ಗೆ ಹೋಗಿ ಆ ಮಾನಿಟರ್‌ನ ರಿಫ್ರೆಶ್ ರೇಟ್ 60 ಹರ್ಟ್ಜ್‌ಗೆ ಇಳಿಸಿ ನೋಡಿ.

ವಿಂಡೋಸ್ ಏಳುವ ಮುನ್ನ ನೋಡಿ

ಇಲ್ಲಿಯವರೆಗಿನದು ಎಲ್ಲರೂ ಹೇಳುವಂಥದ್ದು. ಹೆಚ್ಚಿನವರು ಬಿಟ್ಟುಬಿಡುವ, ನನ್ನ ಪ್ರಕಾರ ಎಲ್ಲಕ್ಕಿಂತ ಬೆಲೆಬಾಳುವ ಪರೀಕ್ಷೆ ಮುಂದಿನದು. ಮಾನಿಟರನ್ನು ಡಾಕ್ ಇಲ್ಲದೆ ನೇರವಾಗಿ ಜೋಡಿಸಿ, ರೀಸ್ಟಾರ್ಟ್ ಮಾಡಿ, ಕಂಪನಿಯ ಲೋಗೊ ಬರುವ ಮೊದಲೇ ಬಯೋಸ್ ಕೀಯನ್ನು ಒತ್ತುತ್ತಿರಿ. ಡೆಲ್, ಏಸರ್, ಏಸುಸ್‌ಗಳಲ್ಲಿ ಸಾಮಾನ್ಯವಾಗಿ ಎಫ್2, ಎಚ್‌ಪಿಯಲ್ಲಿ ಎಫ್10, ಥಿಂಕ್‌ಪ್ಯಾಡ್‌ನಲ್ಲಿ ಎಫ್1. ಲೋಗೊ ಅಥವಾ ಬಯೋಸ್ ಪುಟ ಹೊರಗಿನ ಮಾನಿಟರ್ ಮೇಲೂ ಮೂಡಿದರೆ ಕೇಬಲ್, ಪೋರ್ಟ್, ಮಾನಿಟರ್ ಮೂರೂ ಸರಿಯಿವೆ. ಆ ಹಂತದಲ್ಲಿ ವಿಂಡೋಸ್ ಇನ್ನೂ ಎದ್ದೇ ಇಲ್ಲ. ಅಂದರೆ ತಪ್ಪು ಅದರ ಡ್ರೈವರ್‌ನದು, ಹೊಸ ಕೇಬಲ್‌ಗೆ ಹಣ ಸುರಿಯಬೇಕಿಲ್ಲ.

ಮೂಡದಿದ್ದರೆ ಕೂಡಲೇ ಯಂತ್ರಾಂಶ ಕೆಟ್ಟಿದೆ ಎನ್ನಬೇಡಿ. ಕೆಲವು ಲ್ಯಾಪ್‌ಟಾಪ್‌ಗಳು ಆ ಹಂತದಲ್ಲಿ ತಮ್ಮ ಸ್ವಂತ ಪರದೆಗಷ್ಟೇ ಚಿತ್ರ ಕಳಿಸುತ್ತವೆ. ಆಗ ಮನೆಯ ಟಿವಿ ನೆರವಿಗೆ ಬರುತ್ತದೆ. ಅದೇ ಕೇಬಲ್ಲಿನಿಂದ ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿ, ಆಮೇಲೆ ಸೆಟ್‌ಟಾಪ್ ಬಾಕ್ಸಿನ ಕೇಬಲ್ ಕಿತ್ತು ಮಾನಿಟರ್‌ಗೆ ಹಾಕಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡನ್ನು ಒಟ್ಟಿಗೆ ಬದಲಿಸಿ ಸರಿಹೋದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ.

ಪರಿವರ್ತಕ ಬಳಸುವವರಿಗೆ ಒಂದು ಮಾತು. ಡಿಸ್‌ಪ್ಲೇಪೋರ್ಟ್‌ನಿಂದ ಎಚ್‌ಡಿಎಂಐಗೆ ಹೋಗುವ ಸಾಮಾನ್ಯ ಕೇಬಲ್ ಒಂದೇ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ. ಲ್ಯಾಪ್‌ಟಾಪ್‌ನ ಎಚ್‌ಡಿಎಂಐನಿಂದ ಮಾನಿಟರ್‌ನ ಡಿಸ್‌ಪ್ಲೇಪೋರ್ಟ್‌ಗೆ ಅದನ್ನೇ ತಿರುಗಿಸಿ ಹಾಕಿದರೆ ಎರಡೂ ತುದಿ ಸರಿಯಾಗಿ ಕೂರುತ್ತವೆ, ಚಿತ್ರ ಮಾತ್ರ ಬರುವುದಿಲ್ಲ. ಬೆಂಗಳೂರಿನ ಎಸ್‌ಪಿ ರಸ್ತೆಗೆ ಕೇಬಲ್ ತರಲು ಹೊರಟವರು ಅಂಗಡಿಯಲ್ಲಿ ದಿಕ್ಕನ್ನು ಬಾಯಿಬಿಟ್ಟು ಹೇಳಿಯೇ ಕೊಳ್ಳಿ. ಕಾಲೇಜಿನ ಹಳೆಯ ಪ್ರೊಜೆಕ್ಟರ್‌ಗೆ ಎಚ್‌ಡಿಎಂಐನಿಂದ ವಿಜಿಎಗೆ ಇಳಿಸುವ ಪರಿವರ್ತಕದೊಳಗೆ ಒಂದು ಚಿಪ್ ಇದ್ದು, ಅದಕ್ಕೂ ವಿದ್ಯುತ್ ಬೇಕು. ಪಕ್ಕದಲ್ಲಿ ಸಣ್ಣ ಯುಎಸ್‌ಬಿ ಕಿಂಡಿ ಇದ್ದರೆ ಅದನ್ನು ಜೋಡಿಸಿ ನೋಡಿ.

ಡಿವೈಸ್ ಮ್ಯಾನೇಜರ್ ಹೇಳುವ ಕಥೆ

ತಪ್ಪು ವಿಂಡೋಸ್‌ನದೇ ಎಂದಾದರೆ ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಡಿವೈಸ್ ಮ್ಯಾನೇಜರ್’ ತೆರೆಯಿರಿ. ‘ಡಿಸ್‌ಪ್ಲೇ ಅಡಾಪ್ಟರ್ಸ್’ ಬಿಚ್ಚಿದರೆ ನಿಮ್ಮ ಗ್ರಾಫಿಕ್ಸ್ ಚಿಪ್‌ಗಳ ಹೆಸರು ಕಾಣಬೇಕು.

ಅಲ್ಲಿ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದಿದ್ದರೆ ಕಳ್ಳ ಸಿಕ್ಕಿಬಿದ್ದ. ಅಪ್‌ಡೇಟ್ ನಡುವೆ ಅಸಲಿ ಡ್ರೈವರ್ ಬಿದ್ದುಹೋಗಿ ವಿಂಡೋಸ್ ತಾತ್ಕಾಲಿಕ ಡ್ರೈವರ್‌ನಲ್ಲಿ ದಿನ ದೂಡುತ್ತಿದೆ. ಇದಕ್ಕೆ ಎರಡನೆಯ ಪರದೆ ನಡೆಸುವ ಶಕ್ತಿಯಿಲ್ಲ. ಬ್ರೈಟ್‌ನೆಸ್ ಹೊಂದಿಸಲು ಆಗದಿರುವುದು, ಅಕ್ಷರಗಳು ದಪ್ಪಗಾಗಿರುವುದು ಇದರದೇ ಇತರ ಲಕ್ಷಣಗಳು.

‘ಲ್ಯಾಪ್‌ಟಾಪ್ ಪರದೆ ಚೆನ್ನಾಗಿಯೇ ಇದೆಯಲ್ಲ, ಡ್ರೈವರ್ ತಪ್ಪು ಹೇಗೆ?’ ಎಂಬ ಪ್ರಶ್ನೆ ಸಹಜ. ಗೇಮಿಂಗ್ ಮತ್ತು ದುಬಾರಿ ಲ್ಯಾಪ್‌ಟಾಪ್‌ಗಳಲ್ಲಿ ಎರಡು ಗ್ರಾಫಿಕ್ಸ್ ಚಿಪ್‌ಗಳಿರುತ್ತವೆ. ಒಳಗಿನ ಪರದೆಯನ್ನು ಇಂಟೆಲ್ ಅಥವಾ ಎಎಂಡಿ ಪ್ರೊಸೆಸರ್‌ನಲ್ಲೇ ಇರುವ ಚಿಪ್ ನೋಡಿಕೊಳ್ಳುತ್ತದೆ. ಎಚ್‌ಡಿಎಂಐ ಕಿಂಡಿಯ ತಂತಿ ಮಾತ್ರ ಬಹಳ ಮಾಡೆಲ್‌ಗಳಲ್ಲಿ ಎನ್‌ವಿಡಿಯಾ ಚಿಪ್‌ಗೆ ಹೋಗಿ ಸೇರುತ್ತದೆ. ಎನ್‌ವಿಡಿಯಾ ಡ್ರೈವರ್ ಒಂದೇ ಕೆಟ್ಟರೆ ಒಳಗಿನ ಪರದೆಗೆ ಏನೂ ಆಗುವುದಿಲ್ಲ, ಹೊರಗಿನ ಮಾನಿಟರ್ ಪೂರ್ತಿ ಸತ್ತಿರುತ್ತದೆ. ಹಾಗಾಗಿ ಪಟ್ಟಿಯಲ್ಲಿ ಎರಡು ಹೆಸರು ಇರಬೇಕಾದ ಕಡೆ ಒಂದೇ ಇದೆಯೇ, ಯಾವುದರ ಪಕ್ಕದಲ್ಲಾದರೂ ಹಳದಿ ತ್ರಿಕೋನ ಇದೆಯೇ ನೋಡಿ. ಇಂಥ ಯಂತ್ರದಲ್ಲಿ ಟೈಪ್-ಸಿ ಕಿಂಡಿ ಇನ್ನೊಂದು ಚಿಪ್‌ಗೆ ಸೇರಿರಲೂಬಹುದು. ಆಗ ಮಾನಿಟರನ್ನು ಅಲ್ಲಿಗೆ ಸ್ಥಳಾಂತರಿಸಿ ಅವತ್ತಿನ ಮೀಟಿಂಗ್ ದಾಟಿಸಿಕೊಳ್ಳಬಹುದು.

ದುರಸ್ತಿ ಹೀಗೆ. ಹೆಸರಿನ ಮೇಲೆ ಎರಡು ಬಾರಿ ಕ್ಲಿಕ್ ಮಾಡಿ ‘ಡ್ರೈವರ್’ ಟ್ಯಾಬ್‌ನಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿ. ಅಪ್‌ಡೇಟ್‌ಗೆ ಮುಂಚಿನ ಡ್ರೈವರ್ ವಾಪಸು ಬರುತ್ತದೆ. ಬಟನ್ ಮಸುಕಾಗಿದ್ದರೆ ಹಿಂದಿನ ಪ್ರತಿ ಉಳಿದಿಲ್ಲ. ಆಗ ಲ್ಯಾಪ್‌ಟಾಪ್ ಕಂಪನಿಯ ಜಾಲತಾಣಕ್ಕೆ ಹೋಗಿ, ಯಂತ್ರದ ತಳದಲ್ಲಿರುವ ಸೀರಿಯಲ್ ಸಂಖ್ಯೆ ಕೊಟ್ಟು ಗ್ರಾಫಿಕ್ಸ್ ಡ್ರೈವರ್ ಇಳಿಸಿಕೊಳ್ಳಿ. ಚಿಪ್ ಕಂಪನಿಯ ತಾಣದಲ್ಲಿ ಇನ್ನೂ ಹೊಸದು ಇರುತ್ತದೆ, ನಿಜ. ಆದರೆ ಲ್ಯಾಪ್‌ಟಾಪ್ ತಯಾರಕರು ತಮ್ಮ ಯಂತ್ರಕ್ಕೆ ಹೊಂದಿಸಿ ಪರೀಕ್ಷಿಸಿದ್ದೇ ಮೊದಲ ಆಯ್ಕೆಯಾಗಲಿ.

ಡೌನ್‌ಲೋಡ್ ಮುಗಿದ ಮೇಲೆ ವೈಫೈ ಆಫ್ ಮಾಡಿ. ಇದು ಮುಖ್ಯ. ಡಿವೈಸ್ ಮ್ಯಾನೇಜರ್‌ನಲ್ಲಿ ‘ಅನ್‌ಇನ್‌ಸ್ಟಾಲ್ ಡಿವೈಸ್’ ಆರಿಸಿ, ಡ್ರೈವರನ್ನೂ ತೆಗೆಯುವ ಚೌಕಕ್ಕೆ ಗುರುತು ಹಾಕಿ, ರೀಸ್ಟಾರ್ಟ್ ಮಾಡಿ, ಇಳಿಸಿಟ್ಟ ಡ್ರೈವರ್ ಹಾಕಿ. ವೈಫೈ ಆನ್ ಇದ್ದರೆ ನೀವು ಕಿತ್ತ ಅದೇ ಡ್ರೈವರನ್ನು ವಿಂಡೋಸ್ ಅಪ್‌ಡೇಟ್ ನಡುವೆ ನುಗ್ಗಿ ಮತ್ತೆ ತಂದು ಕೂರಿಸಬಹುದು.

ಡಾಕ್ ಎಂಬ ಮಧ್ಯವರ್ತಿ

ಬಯೋಸ್ ಪರೀಕ್ಷೆಗೆಂದು ನೇರವಾಗಿ ಜೋಡಿಸಿದಾಗ ವಿಂಡೋಸ್‌ನಲ್ಲೂ ಚಿತ್ರ ಬಂದು, ಡಾಕ್ ಮೂಲಕ ಮಾತ್ರ ಬಾರದಿದ್ದರೆ ಗ್ರಾಫಿಕ್ಸ್ ಡ್ರೈವರ್ ಮುಟ್ಟಬೇಡಿ.

ಟೈಪ್-ಸಿ ಕಿಂಡಿಗಳೆಲ್ಲ ನೋಡಲು ಒಂದೇ, ಗುಣ ಒಂದೇ ಅಲ್ಲ. ಕೆಲವು ಬರೀ ಡೇಟಾಗೆ, ಕೆಲವು ಚಾರ್ಜಿಂಗ್‌ಗೆ, ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್ ಇರುವುದಷ್ಟೇ ಚಿತ್ರಕ್ಕೆ. ಕಿಂಡಿಯ ಪಕ್ಕ ಮಿಂಚಿನ ಗುರುತು ಇದ್ದರೆ ಅದು ಥಂಡರ್‌ಬೋಲ್ಟ್, ಚಿತ್ರ ಸಾಗಿಸುತ್ತದೆ. ಮೇಜು ಒರೆಸುವಾಗ ಡಾಕ್ ಕೇಬಲ್ ಪಕ್ಕದ ಕಿಂಡಿಗೆ ಹೋಗಿ, ಬೈಗುಳ ಅಪ್‌ಡೇಟ್‌ಗೆ ಬೀಳುವುದುಂಟು.

ಡಾಕ್‌ಗಳಲ್ಲೂ ಎರಡು ಜಾತಿ. ಒಂದು, ಗ್ರಾಫಿಕ್ಸ್ ಚಿಪ್‌ನ ಸಿಗ್ನಲನ್ನು ಹಾಗೆಯೇ ಸಾಗಿಸುವುದು. ಇನ್ನೊಂದು ಡಿಸ್‌ಪ್ಲೇಲಿಂಕ್ ಬಗೆಯದು. ಇದರಲ್ಲಿ ಲ್ಯಾಪ್‌ಟಾಪ್‌ನ ತಂತ್ರಾಂಶವೇ ಚಿತ್ರವನ್ನು ಕುಗ್ಗಿಸಿ ಯುಎಸ್‌ಬಿ ಡೇಟಾ ರೂಪದಲ್ಲಿ ಕಳಿಸುತ್ತದೆ, ಡಾಕ್‌ನೊಳಗಿನ ಚಿಪ್ ಅದನ್ನು ಬಿಡಿಸುತ್ತದೆ. ಆಪರೇಟಿಂಗ್ ಸಿಸ್ಟಂ ಬದಲಾದಾಗ ಮೊದಲು ಏಟು ತಿನ್ನುವುದು ಇದೇ. 2018ರಲ್ಲಿ ಮ್ಯಾಕ್ ಓಎಸ್ 10.13.4 ಬಂದಾಗ ಡಿಸ್‌ಪ್ಲೇಲಿಂಕ್ ಮಾನಿಟರ್‌ಗಳು ಸಾಮೂಹಿಕವಾಗಿ ಕಪ್ಪಾಗಿದ್ದವು. ಮದ್ದು ಸರಳ: ಹಳೆಯ ಡಿಸ್‌ಪ್ಲೇಲಿಂಕ್ ತಂತ್ರಾಂಶ ತೆಗೆದು, ನಿಮ್ಮ ಈಗಿನ ಆವೃತ್ತಿಗೆ ಹೊಂದುವ ಹೊಸದನ್ನು ಹಾಕಿ, ರೀಸ್ಟಾರ್ಟ್ ಮಾಡಿ. ಡಾಕ್ ಕಂಪನಿಯ ತಾಣದಲ್ಲಿ ಫರ್ಮ್‌ವೇರ್ ಅಪ್‌ಡೇಟ್ ಇದ್ದರೆ ಅದನ್ನೂ ಹಾಕಿ. ಆದರೆ ಆ ಹೊತ್ತಿನಲ್ಲಿ ಕರೆಂಟ್ ಹೋಗಬಾರದು, ಲೋಡ್‌ಶೆಡ್ಡಿಂಗ್ ಇರುವ ಊರಿನವರು ಯುಪಿಎಸ್ ಮೇಲಿಟ್ಟೇ ಮಾಡಿ.

ಅಪ್‌ಡೇಟನ್ನೇ ತೆಗೆಯುವುದು

ಇದು ಕೊನೆಯ ಅಸ್ತ್ರ. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್‌ನಲ್ಲಿ ‘ಅಪ್‌ಡೇಟ್ ಹಿಸ್ಟರಿ’, ಅದರ ಕೆಳಗೆ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’ ಇದೆ. ತೊಂದರೆ ಶುರುವಾದ ದಿನಾಂಕಕ್ಕೆ ಹೊಂದುವುದನ್ನು ಮಾತ್ರ ತೆಗೆಯಿರಿ. ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿಯಾದರೆ ‘ರಿಕವರಿ’ಯಲ್ಲಿ ‘ಗೋ ಬ್ಯಾಕ್’ ಇರುತ್ತದೆ, ಸಾಮಾನ್ಯವಾಗಿ 10 ದಿನಗಳ ಮಟ್ಟಿಗೆ. ಆಮೇಲೆ ಹಳೆಯ ಫೈಲುಗಳನ್ನು ವಿಂಡೋಸ್ ತಾನೇ ಅಳಿಸುತ್ತದೆ. ತೆಗೆದ ಮೇಲೆ ಅಪ್‌ಡೇಟನ್ನು ಒಂದೆರಡು ವಾರ ‘ಪಾಝ್’ ಮಾಡಿ ತಡೆಹಿಡಿಯಿರಿ, ತಿಂಗಳುಗಟ್ಟಲೆ ಬೇಡ. ಭದ್ರತೆಯ ತೇಪೆಗಳೂ ಅದರಲ್ಲೇ ಬರುತ್ತವೆ.

ಇದಕ್ಕೆಲ್ಲ ಕೈ ಹಾಕುವ ಮುನ್ನ ಬಿಟ್‌ಲಾಕರ್ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್‌ಗೆ ಬೀಗ ತಾನಾಗಿ ಬಿದ್ದಿರುತ್ತದೆ. ಬಯೋಸ್ ಬದಲಾವಣೆ, ಸೇಫ್ ಮೋಡ್ ಇತ್ಯಾದಿ ಮಾಡಿದಾಗ 48 ಅಂಕಿಗಳ ಕೀ ಕೇಳಬಹುದು. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಿಗುತ್ತದೆ. ಲ್ಯಾಪ್‌ಟಾಪ್ ಕಚೇರಿಯದಾಗಿದ್ದರೆ ಬಯೋಸ್ ಆಗಲಿ ಡ್ರೈವರ್ ಆಗಲಿ ಮುಟ್ಟದೆ ಐಟಿ ವಿಭಾಗಕ್ಕೆ ಹೇಳಿ.

ಉಬುಂಟು, ಮ್ಯಾಕ್ ಬಳಸುವವರಿಗೆ

ಉಬುಂಟುವಿನಲ್ಲಿ ಕರ್ನಲ್ ಅಪ್‌ಡೇಟ್ ಆದ ಮೇಲೆ ಎನ್‌ವಿಡಿಯಾ ಮಾಡ್ಯೂಲ್ ಹೊಸ ಕರ್ನಲ್‌ಗೆ ಕಟ್ಟಿಕೊಳ್ಳದೆ ಉಳಿಯುವುದು ಹಳೆಯ ರೋಗ. ಗ್ರಬ್ ಮೆನುವಿನ ‘ಅಡ್ವಾನ್ಸ್‌ಡ್ ಆಪ್ಷನ್ಸ್’ನಲ್ಲಿ ಹಿಂದಿನ ಕರ್ನಲ್ ಆರಿಸಿ ಬೂಟ್ ಮಾಡಿ. ಮಾನಿಟರ್ ಬಂದರೆ ರೋಗ ಇದೇ. ಆಮೇಲೆ ‘ಅಡಿಷನಲ್ ಡ್ರೈವರ್ಸ್’ನಲ್ಲಿ ಡ್ರೈವರ್ ಮತ್ತೆ ಹಾಕಿ. ಸೆಕ್ಯೂರ್ ಬೂಟ್ ಆನ್ ಇದ್ದರೆ ಪಾಸ್‌ವರ್ಡ್ ಒಂದನ್ನು ಇಡಲು ಕೇಳುತ್ತದೆ. ಮುಂದಿನ ಬೂಟ್‌ನಲ್ಲಿ ನೀಲಿ ಪರದೆಯಲ್ಲಿ ಅದನ್ನು ಕೊಟ್ಟು ‘ಎನ್‌ರೋಲ್’ ಮಾಡದಿದ್ದರೆ ಡ್ರೈವರ್ ಲೋಡ್ ಆಗುವುದಿಲ್ಲ. ಗಾಬರಿಯಲ್ಲಿ ಅದನ್ನು ದಾಟಿಸಿಬಿಡುವವರೇ ಹೆಚ್ಚು.

ಮ್ಯಾಕ್‌ನಲ್ಲಿ ಡಿಸ್‌ಪ್ಲೇಸ್ ಸೆಟ್ಟಿಂಗ್ ತೆರೆದು ಆಪ್ಷನ್ ಕೀ ಒತ್ತಿ ಹಿಡಿದರೆ ‘ಡಿಟೆಕ್ಟ್ ಡಿಸ್‌ಪ್ಲೇಸ್’ ಬಟನ್ ಮೂಡುತ್ತದೆ. ಎಂ1, ಎಂ2 ಮ್ಯಾಕ್‌ಬುಕ್ ಏರ್‌ಗಳು ಹೊರಗಿನ ಒಂದೇ ಮಾನಿಟರನ್ನು ನಡೆಸುತ್ತವೆ. ಎರಡನೆಯದು ಬಾರದಿರುವುದು ಅಪ್‌ಡೇಟ್ ತಪ್ಪಲ್ಲ. ಡಿಸ್‌ಪ್ಲೇಲಿಂಕ್ ಬಳಸಿ ಎರಡು ಹಾಕಿದ್ದವರು ‘ಸ್ಕ್ರೀನ್ ರೆಕಾರ್ಡಿಂಗ್’ ಅನುಮತಿ ಇನ್ನೂ ಇದೆಯೇ ನೋಡಿ.

ಇಷ್ಟೆಲ್ಲ ಆದರೂ ಪರದೆ ಬೆಳಗದಿದ್ದರೆ, ಬೇರೆ ಮಾನಿಟರ್, ಬೇರೆ ಕೇಬಲ್‌ಗೂ ಪೋರ್ಟ್ ಜಗ್ಗದಿದ್ದರೆ ಸರ್ವಿಸ್ ಸೆಂಟರ್ ಹಾದಿ ಹಿಡಿಯಿರಿ. ಹೋಗುವಾಗ ನಿಮ್ಮ ಕೇಬಲ್, ಡಾಕ್ ಎರಡನ್ನೂ ಒಯ್ಯಿರಿ. ಸ್ಟಾರ್ಟ್ ಮೆನುವಿನಲ್ಲಿ ‘ವಿನ್‌ವರ್’ ಕೊಟ್ಟರೆ ಬರುವ ಆವೃತ್ತಿ ಸಂಖ್ಯೆ, ಅಪ್‌ಡೇಟ್ ಆದ ದಿನಾಂಕ, ಬಯೋಸ್ ಪುಟ ಹೊರಗಿನ ಮಾನಿಟರ್‌ನಲ್ಲಿ ಬಂತೋ ಇಲ್ಲವೋ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಡಿ. ಮದರ್‌ಬೋರ್ಡ್ ಬದಲಿಸಬೇಕು ಎಂದು ಕೌಂಟರಿನಲ್ಲೇ ಹೇಳಿದರೆ, ಆ ಚೀಟಿ ತೋರಿಸಿ ಯಾವ ಪರೀಕ್ಷೆಯ ಮೇಲೆ ಹಾಗೆ ಹೇಳುತ್ತಿದ್ದಾರೆಂದು ಕೇಳಿ.